ಬದಲಾದ ಮಳೆಗೆ ಊರು ಒಗ್ಗುವುದು ಹೇಗೆ? ಕೆರೆಗೊಬ್ಬ ನೀರಗಂಟಿ ಸಿಗುವವರೆಗಿನ ಹೆಜ್ಜೆಗಳು

2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ಹತ್ತಿರದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. 89 ವರ್ಷ! ಟೆಂಪೊ, ಟ್ರ್ಯಾಕ್ಟರ್ ಮಾಡಿಕೊಂಡು ಜನ ನೋಡಲು ಹೋದರು. ನಾವೂ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಹೋಗಿದ್ದೆವು. ಭದ್ರೆಯಿಂದ ಬಿಟ್ಟ ನೀರೂ ಅದರಲ್ಲಿ ಸೇರಿತ್ತು ಅನ್ನಿ, ಆದರೂ ಆ ವರ್ಷ ಸುರಿದ ಮಳೆ ಸಾಮಾನ್ಯದ್ದಲ್ಲ. ಮರುವರ್ಷ ಅದೇ ಹೊತ್ತಿಗೆ ನೋಡಿದರೆ ಹೊಲದಲ್ಲಿ ಶೇಂಗಾ ಬಾಡಿ ನಿಂತಿತ್ತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು.

ಹವಾಮಾನ ಬದಲಾವಣೆ ಅಂದರೆ ನಮ್ಮ ಕಡೆ ಇದೇ. ಮಳೆ ಕಡಿಮೆಯಾಯಿತು ಅನ್ನುವುದಕ್ಕಿಂತ, ಮಳೆಗೆ ಹದ ತಪ್ಪಿತು ಅನ್ನಬೇಕು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳುವ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚಾಗುತ್ತದೆ. ಹಿಡಿದಿಟ್ಟುಕೊಂಡಷ್ಟು ದಿನ ಒಣ ಬಿಸಿಲು. ಬಿಟ್ಟಾಗ ಒಂದೇ ರಾತ್ರಿ ಬದು ಒಡೆಯುವ ಮಳೆ.

ಇದಕ್ಕೆ ಒಂದು ಊರು ಹೇಗೆ ತಯಾರಾಗಬೇಕು? 150ರಿಂದ 300 ಮನೆಯ ಬಯಲುಸೀಮೆಯ ಹಳ್ಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ನಮ್ಮೂರಿನಲ್ಲಿ ಈ ಕೆಲಸ ಮೂರು ಸಲ ಶುರುವಾಗಿದೆ. ಎರಡು ಸಲ ನಿಂತುಹೋಗಿದೆ. ದುಡ್ಡಿಲ್ಲದೆ ನಿಂತದ್ದಲ್ಲ. ಮಾಡಿದ್ದನ್ನು ಆಮೇಲೆ ನೋಡಿಕೊಳ್ಳುವವರು ಇರಲಿಲ್ಲ.

ಮೊದಲ ಹೆಜ್ಜೆ: ಸಂಘ ಆಮೇಲೆ, ಮೊದಲು ನಡೆಯಿರಿ

ನಾಲ್ಕು ಜನ ಸೇರಿದ ಕೂಡಲೇ ಸಂಘಕ್ಕೊಂದು ಹೆಸರು, ಅಧ್ಯಕ್ಷರು, ಬೋರ್ಡು. ನಾವೂ ಅದೇ ಮಾಡಿದ್ದು. ಅಧ್ಯಕ್ಷರು ಯಾರಾಗಬೇಕು ಅನ್ನುವುದರಲ್ಲೇ ಊರು ಎರಡು ಭಾಗವಾಯಿತು. ಹಾಗಾಗಿ ಹೇಳುತ್ತಿದ್ದೇನೆ, ಮೊದಲ ಮೂರು ತಿಂಗಳು ಹೆಸರೇ ಬೇಡ.

ಅದರ ಬದಲು ಒಂದು ಭಾನುವಾರ ಬೆಳಿಗ್ಗೆ ಗುಡ್ಡದ ನೆತ್ತಿಯಿಂದ ಹೊರಟು, ನೀರು ಹರಿಯುವ ದಾರಿಯಲ್ಲೇ ಕೆರೆಯವರೆಗೆ ನಡೆಯಿರಿ. ಜೊತೆಗೆ ಯಾರಿರಬೇಕು ಅನ್ನುವುದು ಮುಖ್ಯ. ಕುರಿ ಕಾಯುವವರು ಒಬ್ಬರಾದರೂ ಇರಲಿ, ಊರ ಸುತ್ತಲಿನ ಹಳ್ಳಕೊಳ್ಳ ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ. ಎಪ್ಪತ್ತು ದಾಟಿದ ಒಬ್ಬರು ಅಜ್ಜಿ ಇರಲಿ. ಬೋರ್‌ವೆಲ್ ಮೋಟಾರು ಇಳಿಸುವ ಹುಡುಗ ಇರಲಿ. ಎಲ್ಲ ಕೇರಿಯವರೂ ಇರಲಿ. ಕೆರೆ ಕೆಳಗೆ ಗದ್ದೆ ಇರುವವರಷ್ಟೇ ಬಂದರೆ ಅದು ಊರಿನ ಕೆಲಸ ಆಗುವುದಿಲ್ಲ, ಅಚ್ಚುಕಟ್ಟಿನವರ ಕೆಲಸ ಆಗುತ್ತದೆ.

ನಡೆಯುವಾಗ ಮೂರು ಸಂಗತಿ ನೋಡಿ. ನೀರು ಎಲ್ಲಿ ಓಡುತ್ತದೆ? ಎಲ್ಲಿ ನಿಲ್ಲುತ್ತಿತ್ತು, ಈಗ ಯಾಕೆ ನಿಲ್ಲುತ್ತಿಲ್ಲ? ಅದರ ದಾರಿಗೆ ಅಡ್ಡ ಏನು ಬಂದಿದೆ? ನಮ್ಮಲ್ಲಿ ಅಡ್ಡ ಬಂದಿದ್ದು ಒಂದು ಹೊಸ ರಸ್ತೆ, ಅದರ ಕೆಳಗಿನ ಕಟ್ಟಿಹೋದ ಪೈಪು, ಮತ್ತೆ ಹಳ್ಳವನ್ನೇ ಸೇರಿಸಿ ಉತ್ತಿದ್ದ ಎರಡು ಹೊಲ. ಅಜ್ಜಿ ಒಂದು ಕಡೆ ನಿಂತು, "ಇಲ್ಲೊಂದು ಗೋಕಟ್ಟೆ ಇತ್ತಲ್ಲೋ ಮಗಾ, ಎಲ್ಲಿ ಹೋತು?" ಅಂದರು. ಬಳ್ಳಾರಿ ಜಾಲಿ ಸರಿಸಿ ನೋಡಿದರೆ ಕಲ್ಲು ಕಟ್ಟಡ ಹಾಗೇ ಇತ್ತು! ಸಂಜೆ ಶಾಲೆಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬಿಡಿಸಿ. ಹಳ್ಳಕ್ಕೊಂದು ಬಣ್ಣ, ಬೋರ್‌ವೆಲ್‌ಗೊಂದು ಬಣ್ಣ. ಫೋಟೊ ತೆಗೆದಿಟ್ಟುಕೊಳ್ಳಿ.

ಎರಡನೇ ಹೆಜ್ಜೆ: ಮಳೆಯ ಜಮಾ, ಬೋರಿನ ಖರ್ಚು

ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಊರಿನ ಜಗಳ ಅರ್ಧ ಇಲ್ಲೇ ಕರಗುತ್ತದೆ.

ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ನಮ್ಮ ಕಡೆ ವರ್ಷಕ್ಕೆ 500 ಮಿ.ಮೀ. ಎಂದು ಹಿಡಿಯಿರಿ. ಎಕರೆಗೆ 20 ಲಕ್ಷ ಲೀಟರ್ ಆಯಿತು. ಕೇಳಿದರೆ ಯಾರೂ ನಂಬುವುದಿಲ್ಲ. ಆದರೆ ಇದರಲ್ಲಿ ಹೆಚ್ಚಿನದು ಆವಿಯಾಗುತ್ತದೆ, ಬೆಳೆ ಕುಡಿಯುತ್ತದೆ, ಹರಿದು ಹೋಗುತ್ತದೆ. ನಮ್ಮಂಥ ಗಟ್ಟಿ ಕಲ್ಲಿನ ನೆಲದಲ್ಲಿ ತಾನಾಗಿ ಕೆಳಗಿಳಿದು ಅಂತರ್ಜಲ ಸೇರುವುದು ಹತ್ತರಲ್ಲಿ ಒಂದು ಪಾಲು ಅಷ್ಟೇ, ಎಷ್ಟೋ ಕಡೆ ಅದಕ್ಕಿಂತ ಕಡಿಮೆ. ಅಂದರೆ ಎಕರೆಗೆ 2 ಲಕ್ಷ ಲೀಟರ್ ಜಮಾ.

ಈಗ ಖರ್ಚು ನೋಡೋಣ. ಒಂದು ಎಕರೆ ಅಡಿಕೆ ಅಂದರೆ ಸುಮಾರು 550 ಗಿಡ. ಬೇಸಿಗೆಯಲ್ಲಿ ಡ್ರಿಪ್ಪಿನಲ್ಲೇ ಕೊಟ್ಟರೂ ಗಿಡಕ್ಕೆ ದಿನಕ್ಕೆ 16 ಲೀಟರ್ ಬೇಕು ಅಂತಿಟ್ಟುಕೊಳ್ಳಿ. ದಿನಕ್ಕೆ 8,800 ಲೀಟರ್. ನಾಲ್ಕು ತಿಂಗಳಿಗೆ ಹತ್ತು ಲಕ್ಷ ದಾಟಿತು. ಒಂದು ಎಕರೆ ಅಡಿಕೆಯ ಬೇಸಿಗೆ ನೀರಿಗೆ ಐದು ಎಕರೆಯ ಅಂತರ್ಜಲ! ಉಳಿದ ನಾಲ್ಕು ಎಕರೆ ಯಾರದ್ದು? ಪಕ್ಕದವರದ್ದು ಅಲ್ವಾ.

ಅಡಿಕೆ ಹಾಕಿದವರನ್ನು ಬೈಯಲು ಈ ಲೆಕ್ಕ ಬಳಸಬೇಡಿ. ಚನ್ನಗಿರಿ, ಹೊಳಲ್ಕೆರೆ ಕಡೆಯ ತೋಟ ನೋಡಿ, ಮಗಳ ಮದುವೆಗೆ ಆದೀತು ಅಂತ ಗಿಡ ನೆಟ್ಟವರು ಅವರು. ಬೈದರೆ ಸಭೆಗೆ ಬರುವುದಿಲ್ಲ. ಲೆಕ್ಕವನ್ನು ಸುಮ್ನೆ ಗೋಡೆ ಮೇಲೆ ಬರೆದಿಡಿ. ನಮ್ಮೂರಲ್ಲಿ ಅದನ್ನು ಓದಿ, ಇನ್ನೆರಡು ಎಕರೆಗೆ ಸಸಿ ತರಲು ಹೊರಟಿದ್ದವರೊಬ್ಬರು ತಾವಾಗೇ ನಿಂತರು.

ಮಳೆ ಅಳೆಯಲು ಯಂತ್ರ ಬೇಕಿಲ್ಲ. ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇರುವ ಡಬ್ಬ, ತಳ ಸಮ ಇರಬೇಕು. ಬಯಲಲ್ಲಿ ಇಟ್ಟು, ದಿನಾ ಬೆಳಿಗ್ಗೆ ಎಂಟೂವರೆಗೆ ಸ್ಕೇಲು ಇಳಿಸಿ ನೋಡಿ. ನಿಂತ ನೀರಿನ ಎತ್ತರವೇ ಮಳೆಯ ಅಳತೆ. ಬಾಯಿ ಎಷ್ಟು ಅಗಲ ಇದ್ದರೂ ಲೆಕ್ಕ ಒಂದೇ. ಏಳನೇ ಕ್ಲಾಸಿನ ಮಕ್ಕಳಿಗೆ ವಹಿಸಿ, ನಮಗಿಂತ ಚೆನ್ನಾಗಿ ಮಾಡುತ್ತಾರೆ. ಬೋರ್‌ವೆಲ್ ಅಳೆಯಲು 200 ಲೀಟರಿನ ಡ್ರಮ್ ಸಾಕು. ಎರಡು ನಿಮಿಷಕ್ಕೆ ತುಂಬಿದರೆ ಗಂಟೆಗೆ 6,000 ಲೀಟರ್. "ಎರಡಿಂಚು ನೀರು ಬಿತ್ತು" ಅನ್ನುವ ಮಾತು ಬೇಡ, ಲೀಟರ್‌ನಲ್ಲಿ ಬರೆಯಿರಿ. ವರ್ಷಕ್ಕೆ ಎರಡು ಸಲ, ಸಂಕ್ರಾಂತಿಗೆ ಒಮ್ಮೆ, ಯುಗಾದಿಗೆ ಒಮ್ಮೆ.

ಕುಡಿಯುವ ನೀರಿನ ಬೋರನ್ನು ಫ್ಲೋರೈಡ್‌ಗೆ ಪರೀಕ್ಷೆ ಮಾಡಿಸುವುದನ್ನು ಮರೆಯಬೇಡಿ. ನಮ್ಮ ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳಲ್ಲಿ ಅದರ ಕಾಟ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಬಾರದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಇದನ್ನು ಎಲ್ಲರಿಗೂ ಹೇಳಿ.

ಮೂರನೇ ಹೆಜ್ಜೆ: ನೀರನ್ನು ಮೇಲಿನಿಂದ ಹಿಡಿಯುತ್ತಾ ಬನ್ನಿ

ಚಿತ್ರದುರ್ಗದ ಕೋಟೆಗೆ ಹೋದಾಗ ಒನಕೆ ಓಬವ್ವನ ಕಿಂಡಿ ನೋಡಿ ವಾಪಸ್ ಬರುತ್ತೇವೆ. ಇನ್ನೊಂದು ಸಲ ಹೋದಾಗ ಹೊಂಡಗಳನ್ನು ನೋಡಿ. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ, ಕೆಳಗೆ ಊರಿನಲ್ಲಿ ಸಿಹಿನೀರು ಹೊಂಡ, ಸಂತೆ ಹೊಂಡ. ಬಂಡೆ ಮೇಲೆ ಬಿದ್ದ ಮಳೆಯನ್ನು ಮೇಲೇ ಹಿಡಿದು, ಹೆಚ್ಚಾದದ್ದನ್ನು ಕೆಳಗೆ ಬಿಡುವ ಲೆಕ್ಕಾಚಾರ. ಊರಿನ ಕೆಲಸವೂ ಅದೇ ಕ್ರಮದಲ್ಲಿ ಆಗಬೇಕು. ಮೊದಲು ಗುಡ್ಡದ ಇಳಿಜಾರಿನಲ್ಲಿ ಅಡ್ಡ ಕಂದಕ. ಆಮೇಲೆ ಹೊಲದ ಬದು. ಆಮೇಲೆ ಗೋಕಟ್ಟೆ. ಕೆರೆ ಕೊನೆಗೆ.

ನಾವು ತಿರುಗಾಮುರುಗಾ ಮಾಡಿದೆವು. ಮೊದಲೇ ಕೆರೆ ಹೂಳೆತ್ತಿಸಿದೆವು. ಗುತ್ತಿಗೆ ಹಿಡಿದವರು ನಡುವೆ ಬಾವಿಯ ಹಾಗೆ ಗುಂಡಿ ತೋಡಿ, ತಳದ ಜೇಡಿಯನ್ನೂ ಕಿತ್ತುಕೊಂಡು ಹೋದರು. ಇಟ್ಟಿಗೆಗೆ ಆ ಮಣ್ಣು ಚೆನ್ನಾಗಿ ಹೋಗುತ್ತದಲ್ಲ. ಮಳೆ ಬಂತು. ಕಾಲುವೆ ಕಟ್ಟಿಹೋಗಿದ್ದರಿಂದ ಕೆರೆಗೆ ನೀರು ಬಂದದ್ದೇ ಕಡಿಮೆ, ಬಂದದ್ದೂ ಆ ಗುಂಡಿಯಲ್ಲಿ ಇಳಿದುಹೋಯಿತು. ಆ ವರ್ಷ ಎರಡು ಎಮ್ಮೆ ಆ ಗುಂಡಿಯಲ್ಲಿ ಸಿಕ್ಕಿಕೊಂಡವು.

ನೀವು ಹಾಗೆ ಮಾಡಬೇಡಿ. ಮೊದಲು ಕಾಲುವೆ ಬಿಡಿಸಿ. ಹೂಳನ್ನು ತಟ್ಟೆಯ ಹಾಗೆ, ಅಂಚಿನಿಂದ ನಡುವಿಗೆ ಇಳಿಜಾರಾಗಿ ತೆಗೆಯಿರಿ. ಅಂಟು ಜೇಡಿ ಸಿಕ್ಕಿದ ಕೂಡಲೇ ನಿಲ್ಲಿಸಿ, ಅದೇ ಕೆರೆಯ ತಳ. ಏರಿಯ ಬುಡಕ್ಕೆ ಜೆಸಿಬಿ ಹೋಗಲೇಬಾರದು. ತೆಗೆದ ಗೋಡು ಕೆಂಪು ಮಣ್ಣಿನ, ಮರಳು ಮಣ್ಣಿನ ಹೊಲಕ್ಕೆ ಹೋಗಲಿ, ಮುಂಗಾರಿಗೆ ಮೊದಲೇ ಹರವಿರಲಿ. ಎರೆ ಹೊಲಕ್ಕೆ ಹೊಡೆಸಿ ಪ್ರಯೋಜನವಿಲ್ಲ. ಸಾಗಾಟದ ಖರ್ಚು ಹೊಲದವರದ್ದು, ಅಗೆಯುವ ಖರ್ಚು ಊರಿನದ್ದು. ಹೀಗೆ ಹಂಚಿದರೆ ಮಣ್ಣು ಊರಲ್ಲೇ ಉಳಿಯುತ್ತದೆ.

ಕೆರೆ ಯಾರ ಸುಪರ್ದಿಯಲ್ಲಿದೆ ಅಂತ ಮೊದಲೇ ತಿಳಿದುಕೊಳ್ಳಿ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆ, ಅದಕ್ಕಿಂತ ಚಿಕ್ಕದಾದರೆ ಪಂಚಾಯಿತಿ ಕಡೆಗೆ ಬರುತ್ತದೆ. ಒಪ್ಪಿಗೆ ಬರಹದಲ್ಲಿ ಇಲ್ಲದೆ ಒಂದು ಬುಟ್ಟಿ ಮಣ್ಣೂ ಎತ್ತಬೇಡಿ. ಒತ್ತುವರಿ ಇದ್ದರೆ ನೀವೇ ಹೋಗಿ ಜಗಳ ಆಡಬೇಡಿ, ಅಳತೆ ಮಾಡಿಸಲು ತಹಶೀಲ್ದಾರರಿಗೆ ಅರ್ಜಿ ಕೊಡಿ.

ಬತ್ತಿದ ಬೋರ್‌ವೆಲ್ ಇದ್ದರೆ ಅದಕ್ಕೆ ಮಳೆನೀರು ಇಂಗಿಸಬಹುದು. ಕೇಸಿಂಗ್ ಸುತ್ತ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಆಳದ ಗುಂಡಿ. ಗುಂಡಿಯ ತಳಭಾಗದಲ್ಲಿ ಕೇಸಿಂಗ್‌ಗೆ ಸಣ್ಣ ತೂತು ಕೊರೆದು, ಸುತ್ತ ನೈಲಾನ್ ಜಾಲರಿ ಬಿಗಿದು ಕಟ್ಟಿ. ತಳಕ್ಕೆ ದಪ್ಪ ಕಲ್ಲು, ಮೇಲೆ ಸಣ್ಣ ಕಲ್ಲು, ಆಮೇಲೆ ಜಲ್ಲಿ, ಕೊನೆಗೆ ಮರಳು. ಹರಿದು ಬರುವ ನೀರು ಮೊದಲು ಪಕ್ಕದಲ್ಲೊಂದು ಗುಂಡಿಯಲ್ಲಿ ನಿಂತು, ಕೆಸರು ಇಳಿದ ಮೇಲೆ ಇದಕ್ಕೆ ಬರಬೇಕು. ಚರಂಡಿ ನೀರು, ಔಷಧಿ ಹೊಡೆದ ಹೊಲದ ನೀರು, ತಿಪ್ಪೆಯ ಬಸಿ ಯಾವುದೂ ಇದಕ್ಕೆ ಸೇರಬಾರದು. ಸೇರಿದರೆ ಅಕ್ಕಪಕ್ಕದ ಬೋರುಗಳೂ ಕೆಡುತ್ತವೆ.

ಮನೆಯ ಚಾವಣಿಯನ್ನೂ ಬಿಡಬೇಡಿ. ಸಾವಿರ ಚದರಡಿಯ ಚಾವಣಿ ಮೇಲೆ 25 ಮಿ.ಮೀ.ನ ಒಂದು ಮಳೆ ಬಿದ್ದರೆ, ಸೋರಿಕೆ ಕಳೆದು 1,800 ಲೀಟರ್ ಸಿಗುತ್ತದೆ. ಫ್ಲೋರೈಡ್ ಇರುವ ಊರಿನಲ್ಲಿ ಇದಕ್ಕಿಂತ ಒಳ್ಳೆ ಕುಡಿಯುವ ನೀರಿಲ್ಲ. ಮೊದಲ ಹತ್ತು ನಿಮಿಷದ ನೀರು ಹೊರಗೆ ಬಿಡಿ, ಆಮೇಲಿನದ್ದು ತೊಟ್ಟಿಗೆ. ಸೋಸಿ, ಕುದಿಸಿ ಕುಡಿಯಿರಿ.

ನಾಲ್ಕನೇ ಹೆಜ್ಜೆ: ಕಾಗದ

ಬೇಸರದ ಕೆಲಸ, ಚಿಕ್ಕದಾಗಿ ಹೇಳುತ್ತೇನೆ. ಮಾಡಬೇಕಾದ ಕೆಲಸವನ್ನು ವಾರ್ಡ್ ಸಭೆಯಲ್ಲಿ ಹೇಳಿ, ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ. ಮುಂದಿನ ವರ್ಷದ ಯೋಜನೆ ತಯಾರಿ ಅಕ್ಟೋಬರ್ 2ರಿಂದ ಶುರುವಾಗುತ್ತದೆ. ಬೇಸಿಗೆಯಲ್ಲಿ ಹೋಗಿ ಕೇಳಿದರೆ ಪಿಡಿಒ ಏನೂ ಮಾಡಲಾರರು. ಬದು, ಕಂದಕ, ಕೃಷಿ ಹೊಂಡಗಳನ್ನು ಉದ್ಯೋಗ ಖಾತರಿಯಲ್ಲಿ ಸೇರಿಸಲು ಕೇಳಿ. ಪ್ರತಿ ಅರ್ಜಿಗೂ ಸ್ವೀಕೃತಿ ತಗೊಳ್ಳಿ. ಊರಿನಲ್ಲಿ ಯಾರದ್ದೋ ಕೈಬರಹ ಚೆನ್ನಾಗಿರುತ್ತದೆ, ತಾಳ್ಮೆಯೂ ಇರುತ್ತದೆ. ಅವರನ್ನು ಹುಡುಕಿ ಒಂದು ಫೈಲು ಕೊಡಿ.

ಐದನೇ ಹೆಜ್ಜೆ: ಹೊಲದಲ್ಲಿ ಒಂದೇ ಬೆಳೆ ನೆಚ್ಚಬೇಡಿ

ಚಳ್ಳಕೆರೆಗೆ ಎಣ್ಣೆ ನಗರ ಅಂತ ಹೆಸರು ಬಂದದ್ದು ಶೇಂಗಾದಿಂದ. ದಾವಣಗೆರೆ ಕಡೆ ಮೆಕ್ಕೆಜೋಳ. ಎರಡೂ ಕೈಗೆ ಕಾಸು ಕೊಟ್ಟವು. ಆದರೆ ಹೂವಾಡುವ ಹೊತ್ತಿಗೆ ಮೂರು ವಾರ ಮಳೆ ಕೈಕೊಟ್ಟರೆ ಹೊಲ ಪೂರ್ತಿ ಹೋಗುತ್ತದೆ. ಹಿಂದೆ ಶೇಂಗಾ ನಡುವೆ ಅಕ್ಕಡಿ ಸಾಲು ಹಾಕುತ್ತಿದ್ದರು. ತೊಗರಿ, ಅಲಸಂದೆ, ಅವರೆ, ಅಂಚಿಗೆ ಔಡಲ. ಒಂದು ಹೋದರೆ ಒಂದು ಉಳಿಯುತ್ತಿತ್ತು. ತೊಗರಿಯ ಬೇರು ಆಳ, ಶೇಂಗಾ ಸತ್ತ ಮೇಲೂ ಹಿಂಗಾರಿನ ಒಂದು ಮಳೆಗೆ ಕಾಯಿ ಕಟ್ಟುತ್ತದೆ. ಎಂಟು ಸಾಲಿಗೆ ಒಂದು ಸಾಲಾದರೂ ತೊಗರಿ ಬಿಡಿ.

ಸಾಮೆ, ನವಣೆ ಹೊಸದುರ್ಗದ ಕಡೆ ಇನ್ನೂ ಬೆಳೆಯುತ್ತಾರೆ. ನವಣೆ ಮೂರು ತಿಂಗಳಿಗೆ ಕೈಗೆ ಬರುತ್ತದೆ. ಮುಂಗಾರು ತಡವಾದ ವರ್ಷ ಇವೇ ಆಸರೆ. ಇನ್ನೂ ತಡವಾದರೆ ಹುರುಳಿ. ಹೀಗೆ ಯಾವ ಮಳೆಗೆ ಏನು ಅಂತ ಊರಿನ ಹಿರಿಯರು, ರೈತ ಸಂಪರ್ಕ ಕೇಂದ್ರದವರು ಕೂತು ಒಂದು ಪಟ್ಟಿ ಮಾಡಿ. ಆರಿದ್ರಾ ಬಂದರೆ ಇದು, ಪುಷ್ಯದವರೆಗೂ ಬರದಿದ್ದರೆ ಅದು. ಹಿರಿಯೂರಿನ ಬಬ್ಬೂರು ಫಾರಂ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದವರನ್ನು ತಳಿ ಬಗ್ಗೆ ಕೇಳಿ. ಮೋಡ ನೋಡಿ ನಿರ್ಧಾರ ಮಾಡುವ ಮುಂಚೆ ವರುಣ ಮಿತ್ರ ಸಹಾಯವಾಣಿಗೆ ಒಂದು ಫೋನ್ ಮಾಡಿ.

ಪಟ್ಟಿ ಇದ್ದರೆ ಸಾಲದು, ಬೀಜ ಬೇಕು. ಮಳೆ ತಡವಾದ ಆ ವಾರ ಅಂಗಡಿಯಲ್ಲಿ ಹುರುಳಿ ಬೀಜ ಸಿಗುವುದಿಲ್ಲ, ಸಿಕ್ಕರೂ ರೇಟು ಕೇಳುವ ಹಾಗಿಲ್ಲ. ಆದ್ದರಿಂದ ಊರಲ್ಲೇ ಬೀಜ ಕೂಡಿಡಿ. ಒಂದು ಸೇರು ಒಯ್ದವರು ಸುಗ್ಗಿಗೆ ಒಂದೂವರೆ ಸೇರು ವಾಪಸ್ ಕೊಡಲಿ. ಬೆಳೆ ಹೋದವರು ಮುಂದಿನ ವರ್ಷ ಕೊಡಲಿ, ಬಡ್ಡಿ ಬೇಡ. ಚೆನ್ನಾಗಿ ಒಣಗಿಸಿ, ಬೂದಿ, ಬೇವಿನ ಸೊಪ್ಪು ಹಾಕಿ ಮಣ್ಣಿನ ಗುಡಾಣದಲ್ಲಿ ಇಡುವ ಕೆಲಸ ಹೆಂಗಸರ ಸಂಘಕ್ಕೆ ಕೊಡಿ. ಬೀಗದ ಕೈಯೂ ಅವರ ಹತ್ತಿರವೇ ಇರಲಿ.

ಇನ್ನೊಂದು ಮಾತು. ಸಾಮೆ ಬೆಳೆಯಿರಿ ಅಂತ ಗಂಡಸರ ಸಭೆಯಲ್ಲಿ ಒಪ್ಪಿಸುವುದು ಸುಲಭ. ನಮ್ಮತ್ತೆ ಕೇಳಿದ್ದು ಒಂದೇ ಪ್ರಶ್ನೆ, "ಕುಟ್ಟೋರು ಯಾರು?" ಸಿಪ್ಪೆ ತೆಗೆಯುವ ಮಿಲ್ಲು ಹತ್ತು ಕಿಲೋಮೀಟರ್ ಒಳಗೆ ಇಲ್ಲದಿದ್ದರೆ ಸಿರಿಧಾನ್ಯದ ಮಾತು ಭಾಷಣಕ್ಕಷ್ಟೇ. ನಾಲ್ಕೈದು ಹಳ್ಳಿ ಸೇರಿ ಮೊದಲು ಮಿಲ್ಲಿಗೆ ದಾರಿ ಹುಡುಕಿ.

ಆರನೇ ಹೆಜ್ಜೆ: ಕಾವಲು, ನೆರಳು

ಜೂನ್ ಬಂತೆಂದರೆ ಗಿಡ ನೆಡುವ ಉತ್ಸಾಹ. ನೆಡಿ, ಬೇಡ ಅನ್ನುವುದಿಲ್ಲ. ಆದರೆ ಹುಲ್ಲು ಬೆಳೆಯುವ ಕಾವಲಿನಲ್ಲಿ ಗುಂಡಿ ತೋಡಬೇಡಿ. ಅದು ಖಾಲಿ ಜಾಗ ಅಲ್ಲ. ಅಮೃತ ಮಹಲ್ ದನ ಮೇಯ್ದ ನೆಲ, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ದೇವರ ಎತ್ತುಗಳಿಗೆ ಇವತ್ತಿಗೂ ಅದೇ ಆಧಾರ. ಕಾವಲಿನ ಕಾಲು ಭಾಗಕ್ಕೆ ಸರದಿಯಂತೆ ಒಂದು ಮಳೆಗಾಲ ದನ ಬಿಡದೆ ಬಿಟ್ಟರೆ ಹುಲ್ಲು ತಾನೇ ಏಳುತ್ತದೆ. ಗಿಡಕ್ಕೆ ಜಾಗ ಬದು, ರಸ್ತೆ ಬದಿ, ಶಾಲೆ, ಬಸ್ ಸ್ಟ್ಯಾಂಡು. ಹೊಂಗೆ, ಬೇವು, ಹುಣಸೆ ಸಾಕು. ಕೆರೆಯೊಳಗಿನ ಬಳ್ಳಾರಿ ಜಾಲಿಯನ್ನು ಬುಡ ಸಮೇತ ಕೀಳಿ, ಕಡಿದರೆ ದುಪ್ಪಟ್ಟು ಚಿಗುರುತ್ತದೆ.

ಬಿಸಿಲಿಗೆ ಮಾಡಬಹುದಾದ್ದು ಸಣ್ಣ ಸಣ್ಣ ಕೆಲಸ. ಏಪ್ರಿಲ್, ಮೇನಲ್ಲಿ ಕೂಲಿ ಕೆಲಸ ಬೆಳಿಗ್ಗೆ ಆರಕ್ಕೆ ಶುರುವಾಗಿ ಹನ್ನೊಂದಕ್ಕೆ ಮುಗಿಯಲಿ. ತಗಡಿನ ಮನೆ, ಅಂಗನವಾಡಿಯ ಚಾವಣಿಗೆ ಸುಣ್ಣ ಹೊಡೆಯಿರಿ, ಒಳಗಿನ ಕಾವು ಇಳಿಯುತ್ತದೆ. ಒಂಟಿಯಾಗಿರುವ ಮುದುಕರ ಪಟ್ಟಿ ಆಶಾ ಕಾರ್ಯಕರ್ತೆಯರ ಹತ್ತಿರ ಇರುತ್ತದೆ. ಬಿಸಿಲು ಏರಿದ ದಿನ ಅವರ ಮನೆಗೆ ಯಾರು ಹೋಗಿ ನೋಡಬೇಕು ಅಂತ ಮೊದಲೇ ಹಂಚಿಕೊಳ್ಳಿ.

ಕೊನೆಯ ಹೆಜ್ಜೆ: ಕೆರೆಗೊಬ್ಬ ನೀರಗಂಟಿ

ಈಗ ನೀರಗಂಟಿ ಅಂದರೆ ನಲ್ಲಿಯ ವಾಲ್ವು ತಿರುಗಿಸುವವರು. ನಾನು ಹೇಳುತ್ತಿರುವುದು ಹಳೇ ನೀರಗಂಟಿ. ಊರಿನ ಆಯಗಾರರಲ್ಲಿ ಒಬ್ಬರು. ತೂಬು ಎತ್ತುವುದು, ಇಳಿಸುವುದು, ಏರಿ ಮೇಲೆ ಇಲಿ ಬಿಲ, ಗಿಡ ನೋಡುವುದು, ಕಾಲುವೆ ಬಿಡಿಸುವುದು, ಕೊನೆಯ ಗದ್ದೆಯವರಿಗೂ ನೀರು ಮುಟ್ಟಿಸುವುದು ಅವರ ಕೆಲಸ. ಸುಗ್ಗಿಯಲ್ಲಿ ಕಣಕ್ಕೇ ಬಂದು ಆಯ, ಅಂದರೆ ಮಾಡಿದ ಕೆಲಸಕ್ಕೆ ಸಿಗುವ ಕಾಳಿನ ಪಾಲು, ಒಯ್ಯುತ್ತಿದ್ದರು. ಬೋರ್‌ವೆಲ್ ಬಂತು, ಕೆರೆ ನೀರು ಯಾರಿಗೂ ಬೇಡವಾಯಿತು, ಆಯ ಕೊಡುವುದು ನಿಂತಿತು. ಕೆರೆ ಹಾಳಾದದ್ದು ಹೂಳಿನಿಂದ ಅಂತಾರೆ. ನನ್ನ ಪ್ರಕಾರ ಅದಕ್ಕೂ ಮೊದಲು ಆಯ ನಿಂತದ್ದರಿಂದ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳು ಆ ಬರದ ಸೀಮೆಯಲ್ಲಿ ಕೆರೆ ಕಟ್ಟಿಸಿದವರು. "ಮಾಡಿದಷ್ಟು ನೀಡು ಭಿಕ್ಷೆ" ಅನ್ನುವ ಅವರ ಮಾತನ್ನು ಜಾತ್ರೆಯ ಫ್ಲೆಕ್ಸ್‌ನಲ್ಲೆಲ್ಲ ಹಾಕುತ್ತೇವೆ. ಹಾಗಾದರೆ ಕೆರೆ ಕಾಯುವವರಿಗೂ ಮಾಡಿದಷ್ಟು ಕೊಡಬೇಕಲ್ಲ? ಸೇವೆ ಅಂತ ಒಬ್ಬರ ಹೆಗಲಿಗೆ ಹಾಕಿದರೆ ಎರಡು ವರ್ಷ ಬಾಳುವುದಿಲ್ಲ. ನಮ್ಮ ಎರಡನೇ ಸಲದ ಕೆಲಸ ಹಾಗೇ ಸತ್ತದ್ದು.

ಲೆಕ್ಕ ಹೀಗೆ ಹಾಕಿ. ಊರಲ್ಲಿ 40 ಬೋರ್‌ವೆಲ್ ಇವೆ ಅಂತಿಟ್ಟುಕೊಳ್ಳಿ. ಬೋರಿಗೆ ವರ್ಷಕ್ಕೆ 500 ರೂಪಾಯಿ. 160 ಮನೆ, ಮನೆಗೆ 100 ರೂಪಾಯಿ. ಒಟ್ಟು 36,000. ತಿಂಗಳಿಗೆ 3,000 ಸಂಬಳ ಆಯಿತು. ದಿನಕ್ಕೆ ಎರಡು ಗಂಟೆ ಕೆಲಸಕ್ಕೆ ನಮ್ಮ ಕಡೆ ಇದು ಸಾಲದಿದ್ದರೂ ನಾಚಿಕೆಯ ಮೊತ್ತವಲ್ಲ. ಕೊಡಲಾಗದವರು ಮುಯ್ಯಿ ಆಳಾಗಿ ಎರಡು ದಿನ ಕಾಲುವೆಗೆ ಬರಲಿ. ಕೆರೆ ಪಂಚಾಯಿತಿಯದ್ದಾದರೆ ಮೀನು ಹರಾಜಿನ ದುಡ್ಡಿನಲ್ಲಿ ಒಂದು ಪಾಲು ಕೆರೆಗೇ ಬರಲಿ ಅಂತ ಗ್ರಾಮಸಭೆಯಲ್ಲಿ ಬರೆಸಿ.

ಸಂಘ ನೋಂದಣಿ ಮಾಡಬೇಕಾದ್ದು ಈಗ, ಬ್ಯಾಂಕ್ ಖಾತೆ ಬೇಕಾದಾಗ. ಖಾತೆಗೆ ಎರಡು ಕೇರಿಯವರ ಜಂಟಿ ಸಹಿ, ಅದರಲ್ಲಿ ಒಬ್ಬರು ಹೆಂಗಸರು. ಜಮಾ ಖರ್ಚು ಪ್ರತಿ ಅಮಾವಾಸ್ಯೆಗೆ ದೇವಸ್ಥಾನದ ಗೋಡೆ ಮೇಲೆ. ಅಮಾವಾಸ್ಯೆ ಯಾಕೆಂದರೆ, ಆವತ್ತು ಎತ್ತು ಕಟ್ಟುವುದಿಲ್ಲ, ಜನ ಊರಲ್ಲೇ ಸಿಗುತ್ತಾರೆ.

ಯಾರನ್ನು ನೇಮಿಸಬೇಕು? ದೊಡ್ಡ ಜಮೀನು ಇರುವವರು ಬೇಡ. ಕೆರೆ ಕಡೆ ದಿನಾ ಹೋಗುವವರು, ರಾತ್ರಿ ಎದ್ದು ಬರುವವರು, ನಾಲ್ಕು ಮಾತು ಗಟ್ಟಿಯಾಗಿ ಆಡಬಲ್ಲವರು ಬೇಕು. ನಮ್ಮಲ್ಲಿ ಕುರಿ ಮಾರಿ ಮನೆಯಲ್ಲಿದ್ದ ಒಬ್ಬರು ಸಿಕ್ಕಿದರು. ಅವರಿಗೊಂದು ಟಾರ್ಚು, ಸಲಿಕೆ, ರೇನ್‌ಕೋಟು, ಒಂದು ನೋಟ್‌ಬುಕ್ ಕೊಟ್ಟೆವು. ಓದುಬರಹ ಬರುವುದಿಲ್ಲ, ಮೊಮ್ಮಗಳು ಬರೆಯುತ್ತಾಳೆ. ಹೋದ ಮಳೆಗಾಲದ ಒಂದು ರಾತ್ರಿ ಎರಡೂಕಾಲಿಗೆ ನನ್ನ ಫೋನು ಹೊಡೆದುಕೊಂಡಿತು. "ಹಳ್ಳ ಬಂತು ಕಣ್ರೀ, ಕೋಡಿ ಹತ್ರ ಕಸ ಕಟ್ಟೈತೆ. ನಾಕು ಜನ ಸಲಿಕೆ ತಗಂಡು ಬರ್ರಿ."

ಒಂಬತ್ತು ಜನ ಹೋದೆವು.